ಆಲ್ಬಮ್ ಬೇಡ, ಪೆನ್‌ಡ್ರೈವ್ ಸಾಕು ಅಂದರೆ ರೇಟು ಅರ್ಧ ಯಾಕೆ ಆಗೋದಿಲ್ಲ?

ಲಗ್ನದ ಸೀಜನ್ ಶುರುವಾಯಿತೆಂದರೆ ಹುಬ್ಬಳ್ಳಿ-ಧಾರವಾಡದ ಫೋಟೋ ಸ್ಟುಡಿಯೋಗಳ ಕೌಂಟರಿನಲ್ಲಿ ಈ ಮಾತು ಪದೇ ಪದೇ ಬೀಳುತ್ತದೆ: “ಅಣ್ಣಾರ, ಆಲ್ಬಮ್ ಗಿಲ್ಬಮ್ ಏನೂ ಬ್ಯಾಡ್ರಿ. ಎಲ್ಲಾ ಫೋಟೋ ಪೆನ್‌ಡ್ರೈವಿನ್ಯಾಗ ಹಾಕಿ ಕೊಟ್ಟಬಿಡ್ರಿ, ರೇಟ್ ಅರ್ಧಾ ಮಾಡ್ರಿ.” ಸ್ಟುಡಿಯೋದವರು “ಅಷ್ಟ್ ಆಗಂಗಿಲ್ರೀ ಸರ” ಅಂತಾರೆ. ಯಾಕೆ ಆಗೋದಿಲ್ಲ ಅಂತ ಬಿಡಿಸಿ ಹೇಳಲು ಅವರಿಗೆ ಪುರುಸೊತ್ತಿಲ್ಲ, ಕೂತು ಕೇಳಲು ಬಂದವರಿಗೆ ತಾಳ್ಮೆ ಇಲ್ಲ. ಸುಮ್ಮನೆ ಸುಲಿಗೆ ಮಾಡ್ತಾರೆ ಅಂತ ಇವರು, ಕೆಲಸಕ್ಕೆ ಕಿಮ್ಮತ್ತೇ ಇಲ್ಲ ಅಂತ ಅವರು ಗೊಣಗಿಕೊಳ್ಳುತ್ತ ಹೇಗೋ ಒಂದು ಮೊತ್ತಕ್ಕೆ ಬಂದು ನಿಲ್ಲುತ್ತಾರೆ.

ಕೇಳುವವರ ತರ್ಕ ಮೇಲ್ನೋಟಕ್ಕೆ ಸರಿ. ಕಾಗದ ಇಲ್ಲ, ಲ್ಯಾಮಿನೇಷನ್ ಇಲ್ಲ, ಬೈಂಡಿಂಗ್ ಇಲ್ಲ. ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ ಎಳೆದು ಬಿಟ್ಟರೆ ಮುಗೀತು. ಹಾಗಾದರೆ ದುಡ್ಡು ಯಾತಕ್ಕೆ? ಒಂದು ಉದಾಹರಣೆ ಹಿಡಿದು ನೋಡೋಣ. ಈ ಅಂಕಿಗಳು ಲೆಕ್ಕ ತಿಳಿಯಲಿಕ್ಕೆ ನಾನೇ ಇಟ್ಟುಕೊಂಡವು, ಯಾವ ಸ್ಟುಡಿಯೋದ ದರಪಟ್ಟಿಯೂ ಅಲ್ಲ. ಬರೀ ಫೋಟೋಗ್ರಫಿಗೆ, ವಿಡಿಯೋ ಬಿಟ್ಟು, ಎರಡು ದಿನದ ಮದುವೆಗೆ 40,000 ರೂಪಾಯಿ ಮಾತಾಗಿದೆ ಅನ್ನಿ. ಅರಿಶಿನದ ದಿನ ಮತ್ತು ಅಕ್ಕಿಕಾಳಿನ ದಿನ ಇಬ್ಬರು ಕ್ಯಾಮೆರಾದವರು ನಿಂತಿದ್ದಕ್ಕೆ 18,000. ಓಡಾಟ, ಬ್ಯಾಟರಿ, ಕಾರ್ಡು, ಹಾರ್ಡ್ ಡಿಸ್ಕು, ಕ್ಯಾಮೆರಾ ಸವೆತಕ್ಕೆ 6,000. ಆರಿಸಿ ತಿದ್ದುವ ಕೆಲಸಕ್ಕೆ 5,000. ಆಲ್ಬಮ್ ಡಿಸೈನು, ಪ್ರಿಂಟು, ಪ್ಯಾಡು, ಪೆಟ್ಟಿಗೆಗೆ 8,000. ಉಳಿದ 3,000 ಅಂಗಡಿಗೆ. ಇದರಲ್ಲಿ ಆಲ್ಬಮ್ ತೆಗೆದರೆ ಇಳಿಯುವುದು 8,000 ಮಾತ್ರ, 20,000 ಅಲ್ಲ. ಮಂಟಪದಲ್ಲಿ ಬೆಳಗಿನ ಐದಕ್ಕೆ ಎದ್ದು ನಿಂತವನ ಕೂಲಿ ಕಾಗದ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಆ 8,000 ಕೂಡ ಪೂರ್ತಿ ಇಳಿಯೋದಿಲ್ಲ, ಅದು ಬಹಳ ಮಂದಿಗೆ ಹೊಳೆಯದ ಸಂಗತಿ. ಆಲ್ಬಮ್ ಮಾಡುವಾಗ ಮನೆಯವರು ಆರಿಸಿಕೊಡುವುದು ಇನ್ನೂರರಷ್ಟು ಫೋಟೋ. ಅವನ್ನು ಮಾತ್ರ ಕೂತು ತಿದ್ದಿದರೆ ಸಾಕು. ಒಂದಕ್ಕೆ ಒಂದು ನಿಮಿಷ ಹಿಡಿದರೂ ಮೂರೂವರೆ ತಾಸಿನೊಳಗೆ ಮುಗಿಯುತ್ತದೆ. “ಎಲ್ಲಾ ಫೋಟೋ ಕೊಡ್ರಿ” ಅಂದಾಗ, ಕಣ್ಣು ಮುಚ್ಚಿದ್ದು, ಅಲುಗಿದ್ದು ಬಿಟ್ಟರೂ 1,500 ಫೋಟೋ ನೋಡುವಂತೆ ಇರಬೇಕು. ಅದೇ ಒಂದು ನಿಮಿಷದ ಲೆಕ್ಕಕ್ಕೆ 25 ತಾಸು. ಕಾಗದ ಉಳಿದ ಕಡೆ ಕೈಕೆಲಸ ಹೆಚ್ಚಾಯಿತು. ಬೇಡ, ತಿದ್ದದೇ ಕೊಡಿ ಅನ್ನಬಹುದು. ಆದರೆ ಹಾಗೆ ಕೊಟ್ಟ ಹಳದಿ ಮುಖದ ಫೋಟೋ ಬೀಗರ ಗ್ರೂಪಿಗೆ ಹೋಗಿ, “ಯಾರ್ ತಗದಾರ್ರೀ ಇದನ್ನ?” ಅಂತ ಕೇಳಿದಾಗ ಹೆಸರು ಕೆಡುವುದು ಸ್ಟುಡಿಯೋದ್ದು.

ಮೂರು ಥರದ ಖರ್ಚು

ಪ್ರಿಂಟಿಗೂ ಫೈಲಿಗೂ ಇರುವ ಮೂಲ ವ್ಯತ್ಯಾಸ ತಿಳಿಯಬೇಕೆಂದರೆ ಒಮ್ಮೆ ಗದಗ-ಬೆಟಗೇರಿಯ ಪ್ರಿಂಟಿಂಗ್ ಪ್ರೆಸ್ಸಿನ ಲೆಕ್ಕ ನೆನೆಸಿಕೊಳ್ಳಬೇಕು. ಲಗ್ನಪತ್ರಿಕೆ ಹಾಕಿಸಲು ಹೋದವರಿಗೆ ಇದು ಗೊತ್ತು: ನೂರು ಪತ್ರಿಕೆ ಕೇಳಿದರೆ ಒಂದೊಂದಕ್ಕೆ ತುಟ್ಟಿ, ಸಾವಿರ ಕೇಳಿದರೆ ಸೋವಿ. ಆಫ್‌ಸೆಟ್‌ನಲ್ಲಿ ಕಂಪೋಸಿಂಗ್, ಪ್ಲೇಟು, ಮಷಿನ್ ಹೊಂದಿಸುವ ಖರ್ಚು ಒಮ್ಮೆ ಬೀಳುತ್ತದೆ. ಆಮೇಲೆ ಓಡಿದಷ್ಟು ಹಾಳೆಗೆ ಅದು ಹಂಚಿಹೋಗುತ್ತದೆ.

ಫೋಟೋ ಪ್ರಿಂಟು ಹಾಗಲ್ಲ. ಕಲರ್ ಲ್ಯಾಬಿನಲ್ಲಿ ಬೆಳಕಿಗೆ ಸ್ಪಂದಿಸುವ ಬೆಳ್ಳಿ ಲವಣದ ಲೇಪವಿರುವ ಕಾಗದದ ಮೇಲೆ ಲೇಸರ್ ಬೆಳಕು ಹಾಯಿಸಿ, ಡೆವಲಪರ್, ಬ್ಲೀಚ್-ಫಿಕ್ಸ್, ತೊಳೆಯುವ ನೀರು ದಾಟಿಸಿ, ಒಣಗಿಸಿ ಹೊರಗೆ ತರುತ್ತಾರೆ. ಮೊದಲನೆಯ ಪ್ರತಿಗೆ ಎಷ್ಟು ಕಾಗದ, ಎಷ್ಟು ರಸಾಯನವೋ ನೂರನೆಯ ಪ್ರತಿಗೂ ಅಷ್ಟೇ. ಕಾರ್ಯಕ್ರಮದ ಜಾಗದಲ್ಲೇ ಟೇಬಲ್ ಹಾಕಿ ಪ್ರಿಂಟ್ ತೆಗೆದುಕೊಡುವ ಡೈ-ಸಬ್ಲಿಮೇಷನ್ ಪ್ರಿಂಟರಿನಲ್ಲಿ ಇದು ಇನ್ನೂ ಸ್ಪಷ್ಟ. ಅದರೊಳಗೆ ಒಂದು ರಿಬ್ಬನ್ ಸುರುಳಿ ಇರುತ್ತದೆ. ರಿಬ್ಬನ್ನಿನ ಮೇಲೆ ಹಳದಿ, ಮಜೆಂಟಾ, ಸಯಾನ್, ಕೊನೆಗೆ ಪಾರದರ್ಶಕ ಲೇಪ, ಹೀಗೆ ನಾಲ್ಕು ಪಟ್ಟಿ ಒಂದರ ಹಿಂದೊಂದು. ಕಾಗದ ನಾಲ್ಕು ಸಲ ಹಿಂದೆ-ಮುಂದೆ ಸರಿದು ಒಂದೊಂದೇ ಬಣ್ಣ ಕುಡಿದು ಹೊರಗೆ ಬೀಳುತ್ತದೆ, ಬಿದ್ದಾಗಲೇ ಒಣಗಿರುತ್ತದೆ. ಫೋಟೋದಲ್ಲಿ ಹಳದಿ ಬಣ್ಣವೇ ಇರದಿದ್ದರೂ ಹಳದಿ ಪಟ್ಟಿ ಖರ್ಚಾಗಿಯೇ ಆಗುತ್ತದೆ. ಹಾಗಾಗಿ ಒಂದು ಪ್ರಿಂಟಿನ ಸಾಮಾನಿನ ಖರ್ಚು ಪೈಸೆಗೆ ಪೈಸೆ ಗೊತ್ತಿರುತ್ತದೆ. ನೂರು ಪ್ರಿಂಟಿಗೆ ಅದರ ನೂರು ಪಟ್ಟು.

ಫೈಲು ಮೂರನೇ ಜಾತಿ. ಮೊದಲನೇ ಪ್ರತಿಗೆ ಎಲ್ಲ ಖರ್ಚೂ ಬಿದ್ದಿದೆ, ಎರಡನೆಯದಕ್ಕೆ ಏನೂ ಇಲ್ಲ. ಮುಖ್ಯವಾದ ಮಾತೆಂದರೆ, ಆ ಎರಡನೇ ಪ್ರತಿ ಮಾಡುವವರು ಫೋಟೋದವರು ಅಲ್ಲ, ಕೊಂಡವರು. ಪತ್ರಿಕೆ ಬೇಕಾದರೆ ಮತ್ತೆ ಪ್ರೆಸ್ಸಿಗೇ ಹೋಗಬೇಕು, ಪ್ರಿಂಟು ಬೇಕಾದರೆ ಮತ್ತೆ ಸ್ಟುಡಿಯೋಕ್ಕೇ ಬರಬೇಕು. ಫೈಲು ಒಮ್ಮೆ ಕೈಬಿಟ್ಟಿತೆಂದರೆ ಮುಂದಿನ ಎಲ್ಲ ಪ್ರತಿಗಳೂ ಅದರ ಜೊತೆಗೇ ಹೋದವು.

ರೀಲಿನ ಕಾಲದಲ್ಲಿ ಇದೇ ಕಾರಣಕ್ಕೆ ನೆಗೆಟಿವ್ ಸ್ಟುಡಿಯೋದಲ್ಲೇ ಉಳಿಯುತ್ತಿತ್ತು. 36 ಫೋಟೋದ ರೋಲು, ತೊಳೆದ ಮೇಲೆ ತುಂಡು ಮಾಡಿ ಕಾಗದದ ಚೀಲಕ್ಕೆ ಹಾಕಿ, ಮೇಲೆ ಬಿಲ್ ನಂಬರ್ ಬರೆದು ಇಡುತ್ತಿದ್ದರು. ಮದುವೆಗೆ ಹಿಡಿದ ಮೊತ್ತದಲ್ಲಿ ಲಾಭ ತೆಳ್ಳಗೇ ಇರುತ್ತಿತ್ತು. ಅತ್ತೆ ಮನೆಗೊಂದು, ತವರು ಮನೆಗೊಂದು, ಮುಂಬೈ ಕಾಕಾಗೊಂದು ಅಂತ ಆಮೇಲೆ ಬರುತ್ತಿದ್ದ ರೀಪ್ರಿಂಟುಗಳಲ್ಲಿ ಅದು ತುಂಬುತ್ತಿತ್ತು. ಯಾರಾದರೂ ತೀರಿಕೊಂಡಾಗ ಹಳೆ ಗ್ರೂಪ್ ಫೋಟೋದಿಂದ ಅವರ ಮುಖ ಒಂದನ್ನೇ ದೊಡ್ಡದು ಮಾಡಿ ಫ್ರೇಮ್ ಹಾಕಿಸಲು ಬರುತ್ತಿದ್ದವರೂ ಅದೇ ಬಾಗಿಲಿಗೆ ಬರಬೇಕಿತ್ತು. ಈಗ ಪೆನ್‌ಡ್ರೈವಿನಲ್ಲಿ ಹೋಗುತ್ತಿರುವುದು ಆ ನೆಗೆಟಿವ್ ಚೀಲ. ಅದಕ್ಕೆ ಪ್ರಿಂಟಿಗಿಂತ ಕಡಿಮೆ ಬೆಲೆ ಇಡುವುದು ವ್ಯಾಪಾರದ ಲೆಕ್ಕದಲ್ಲಿ ಕೂಡುವುದಿಲ್ಲ. ಆದರೆ ಕೊಳ್ಳುವವರ ಕಣ್ಣಿಗೆ ಫೈಲು ಅನ್ನುವುದು ಪ್ರಿಂಟಿನ ಬಡ ತಮ್ಮ. ತಕರಾರು ಹುಟ್ಟುವುದೇ ಇಲ್ಲಿ.

ಬಿಡಿಯಾಗಿ ಮಾರುವುದು, ಇಡಿಯಾಗಿ ಮಾರುವುದು

ಮದುವೆ, ಕುಬಸ, ತೊಟ್ಟಿಲು, ಮನೆ ವಾಸ್ತು ಇವೆಲ್ಲ ಮೊದಲೇ ಮಾತಾಡಿ ಕರೆಸಿದ ಕೆಲಸ. ಅಡ್ವಾನ್ಸ್ ಬಂದಿರುತ್ತದೆ, ಗಿರಾಕಿ ಒಬ್ಬರೇ. ಇನ್ನೊಂದು ಬಗೆಯ ಕೆಲಸ ಇದೆ: ಶಾಲೆಯ ವಾರ್ಷಿಕೋತ್ಸವ, ಭರತನಾಟ್ಯ ಕ್ಲಾಸಿನ ಕಾರ್ಯಕ್ರಮ, ಕಾಲೇಜಿನ ಪದವಿ ಪ್ರದಾನ, ಓಟದ ಸ್ಪರ್ಧೆ, ಕುಸ್ತಿ, ಕಬಡ್ಡಿ. ಇಲ್ಲಿ ಕರೆಸಿದವರು ಒಬ್ಬರು, ಫೋಟೋದಲ್ಲಿ ಇರುವವರು ನೂರು ಮಂದಿ. ಅನೇಕ ಸಲ ಯಾರೂ ಒಂದು ಪೈಸೆ ಮುಂಗಡ ಕೊಟ್ಟಿರುವುದಿಲ್ಲ. ಒಳಗೆ ಬರಲು ಅನುಮತಿ ಮಾತ್ರ, ತೆಗೆದದ್ದನ್ನು ಮಾರಿಕೊಂಡು ಹುಟ್ಟಿದ್ದು ನಿಮ್ಮದು ಅನ್ನುವ ಒಪ್ಪಂದ. ಪ್ರಿಂಟೋ ಫೈಲೋ ಅನ್ನುವ ಪ್ರಶ್ನೆ ನಿಜಕ್ಕೂ ಕುತ್ತಿಗೆಗೆ ಬರುವುದು ಇಂಥ ಕಡೆ.

ಹುಬ್ಬಳ್ಳಿಯ ಸವಾಯಿ ಗಂಧರ್ವ ಕಲಾಮಂದಿರದಲ್ಲೋ ಧಾರವಾಡದ ಸೃಜನಾ ರಂಗಮಂದಿರದಲ್ಲೋ ಒಂದು ನೃತ್ಯ ಶಾಲೆಯ ಕಾರ್ಯಕ್ರಮ ಅಂದುಕೊಳ್ಳಿ. ನೂರು ಮಕ್ಕಳು, ತಲಾ ಒಂದು ಕುಟುಂಬ. ಗೆಜ್ಜೆ ಕಟ್ಟಿ, ಜಡೆಬಿಲ್ಲೆ ಹಾಕಿ, ತುಟಿಗೆ ಕೆಂಪು ಬಳಿದುಕೊಂಡ ಮಗು ವೇದಿಕೆಯಿಂದ ಇಳಿದು ಬರುವಷ್ಟರಲ್ಲಿ ಹೊರಗಿನ ಟೇಬಲ್ಲಿನ ಮೇಲೆ ಅದರ 6×8 ಇಂಚಿನ ಪ್ರಿಂಟು ಇದ್ದರೆ, ಅವ್ವ ಅಜ್ಜಿ ಇಬ್ಬರೂ ಕೈ ಹಾಕುತ್ತಾರೆ. ಒಂದಕ್ಕೆ 150 ರೂಪಾಯಿ, ಕಾಗದ-ರಿಬ್ಬನ್ನಿಗೆ 25 ಅಂತ ಹಿಡಿಯಿರಿ. ಅರವತ್ತು ಕುಟುಂಬ ಕೊಂಡು, ಕೆಲವರು ಎರಡು ತೆಗೆದುಕೊಂಡು ಒಟ್ಟು 80 ಪ್ರಿಂಟು ಹೋದರೆ 12,000 ಬಂತು. ಸಾಮಾನಿನ ಖರ್ಚು 2,000, ಜೊತೆಗೆ ಒಬ್ಬ ಸಹಾಯಕನ ಕೂಲಿ, ಹೋಗದೆ ಉಳಿದ ಪ್ರಿಂಟುಗಳ ನಷ್ಟ. ಆದರೂ ಕೈಗೆ ಏನೋ ಉಳಿಯುತ್ತದೆ.

ಅದೇ ಫೋಟೋಗಳನ್ನು ಫೈಲಾಗಿ, ಒಂದಕ್ಕೆ ಅದೇ 150ಕ್ಕೆ ಮಾರಲು ಹೋಗಿ. ಮೊದಲ ಹತ್ತೋ ಹದಿನೈದೋ ಮಂದಿ ಕೊಳ್ಳುತ್ತಾರೆ. ಅವುಗಳಲ್ಲಿ ಗ್ರೂಪ್ ಡಾನ್ಸಿನ ಫೋಟೋ ಇರುತ್ತದಲ್ಲ, ಒಂದರಲ್ಲಿ ಎಂಟು ಮಕ್ಕಳು. ರಾತ್ರಿ ಊಟದ ಹೊತ್ತಿಗೆ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಎಲ್ಲವೂ ಬಂದುಬಿಟ್ಟಿರುತ್ತವೆ. ಯಾರೂ ಕಳ್ಳತನ ಅಂದುಕೊಂಡು ಮಾಡಿದ್ದಲ್ಲ. “ನಿಮ್ಮ ಪಾಪುನೂ ಐತ್ರೀ ಇದರಾಗ” ಅಂತ ಪ್ರೀತಿಯಿಂದಲೇ ಹಾಕಿರುತ್ತಾರೆ. ಹದಿನೈದು ಮಂದಿಯ 2,250 ರೂಪಾಯಿಗೆ ಅಂಗಡಿ ಮುಚ್ಚಿತು.

ಅದೇ ಫೈಲುಗಳನ್ನು ಶಾಲೆಯವರ ಜೊತೆ ಮೊದಲೇ ಮಾತಾಡಿ, ಮಗುವಿಗೆ ನೂರು ರೂಪಾಯಿಯಂತೆ ಕಾರ್ಯಕ್ರಮದ ಶುಲ್ಕದಲ್ಲೇ ಸೇರಿಸಿದರೆ ಹತ್ತು ಸಾವಿರ ಖಾತ್ರಿ. ಪ್ರಿಂಟರ್ ಹೊತ್ತೊಯ್ಯುವ ಕೆಲಸವಿಲ್ಲ, ಉಳಿದ ಪ್ರಿಂಟಿನ ನಷ್ಟವಿಲ್ಲ, ಗುಂಪಿನಲ್ಲಿ ಯಾರು ಯಾರಿಗೆ ಕಳಿಸಿದರೂ ಹೊಟ್ಟೆಯುರಿ ಇಲ್ಲ. ಪಾಲಕರಿಗೂ ನೂರಕ್ಕೆ ತಮ್ಮ ಮಗುವಿನ ಎಲ್ಲ ಫೋಟೋ. ನನ್ನ ಪ್ರಕಾರ ಈ ಧಂದೆಯ ಅರ್ಧ ಲೆಕ್ಕ ಇಷ್ಟರಲ್ಲಿದೆ: ಪ್ರಿಂಟನ್ನು ಬಿಡಿಯಾಗಿ, ಕಾರ್ಯಕ್ರಮ ಆದಮೇಲೂ ಮಾರಬಹುದು, ಫೈಲನ್ನು ಇಡಿಯಾಗಿ, ಕಾರ್ಯಕ್ರಮಕ್ಕೆ ಮೊದಲೇ ಮಾರಬೇಕು. ಇದನ್ನು ಅದಲು ಬದಲು ಮಾಡಿಕೊಂಡವರೇ ಹೆಚ್ಚಾಗಿ ಕೈ ಸುಟ್ಟುಕೊಳ್ಳುವವರು.

ನಡುವಿನ ದಾರಿಯೊಂದು ಚೆನ್ನಾಗಿ ನಡೆಯುತ್ತದೆ. ಪ್ರಿಂಟು ಕೊಂಡವರಿಗೆ ಆ ಫೋಟೋದ ಫೈಲು ಪುಕ್ಕಟೆ. ಹಣ ಪ್ರಿಂಟಿನಲ್ಲಿ ಬಂದಿದೆ, ಗಿರಾಕಿಗೆ ಎರಡೂ ಸಿಕ್ಕ ಖುಷಿ. ಬರೀ ಫೈಲೇ ಬೇಕೆಂದವರಿಗೆ ಪ್ರಿಂಟಿನ ದರವೇ. ಆಗ ಹೆಚ್ಚಿನವರು “ಹಂಗಾದ್ರ ಪ್ರಿಂಟನ ಕೊಡ್ರಿ” ಅನ್ನುತ್ತಾರೆ. ಪದವಿ ಪ್ರದಾನದಂಥ ಕಡೆ ಇದು ಇನ್ನೂ ಸಲೀಸು. ಗೌನು ಹಾಕಿ ಪ್ರಮಾಣಪತ್ರ ಹಿಡಿದ ಫೋಟೋ ಊರ ಮನೆಯ ಗೋಡೆಗೆ ಹೋಗಬೇಕಾದದ್ದು, ಅದನ್ನು ಫ್ರೇಮಿನ ಸಮೇತ ಕೇಳುವ ಅಪ್ಪಂದಿರು ಇನ್ನೂ ಇದ್ದಾರೆ. ಓಟದ ಸ್ಪರ್ಧೆಯಲ್ಲಿ ತದ್ವಿರುದ್ಧ. ಓಡಿ ಬಂದು ಬೆವರು ಒರೆಸಿಕೊಳ್ಳುತ್ತಿರುವ ಹುಡುಗನಿಗೆ ಕಾಗದ ಹಿಡಿದುಕೊಳ್ಳಲು ಕೈಯೂ ಇಲ್ಲ, ಜೇಬೂ ಇಲ್ಲ. ಅವನಿಗೆ ಬೇಕಾದದ್ದು ಅವತ್ತೇ ಸ್ಟೇಟಸ್‌ಗೆ ಹಾಕಲು ಒಂದು ಫೋಟೋ, ನಾಳೆ ಕೊಟ್ಟರೆ ಬೇಡ. ಅಲ್ಲಿ ಸಂಘಟಕರಿಂದಲೇ ಒಟ್ಟು ಮೊತ್ತ ಮಾತಾಡಿಕೊಂಡು ಫೈಲು ಹಂಚುವುದೇ ಸರಿ. ಮಠಗಳಲ್ಲಿ ನಡೆಯುವ ಸಾಮೂಹಿಕ ವಿವಾಹದಲ್ಲಿ ಮಾತ್ರ ಕಾಗದವೇ ರಾಜ. ಪ್ರತಿ ಜೋಡಿಗೂ ಒಂದೆರಡು ಪ್ರಿಂಟು ಕೈಗೆ ಕೊಟ್ಟು ಕಳಿಸುವುದೇ ಮೇಲು. ಲಿಂಕ್ ಕೊಟ್ಟರೆ ತೆರೆಯುವ ಮೊಬೈಲ್ ಎಲ್ಲರ ಹತ್ತಿರವೂ ಇರುತ್ತದೆ ಅಂತ ಹೇಳಲಾಗದು.

ಮಕ್ಕಳ ಕಾರ್ಯಕ್ರಮದ ಫೋಟೋ ಲಿಂಕಿಗೆ ಪಾಸ್‌ವರ್ಡ್ ಇರಲಿ. ಯಾರು ಬೇಕಾದರೂ ತೆರೆಯುವ ಲಿಂಕಿನಲ್ಲಿ ನೂರು ಮಕ್ಕಳ ಮುಖ ಇಡುವುದು ಯಾವ ವ್ಯಾಪಾರಕ್ಕೂ ಶೋಭೆಯಲ್ಲ.

ಫೈಲು ಅಂದರೆ ಯಾವ ಫೈಲು?

“ಫೈಲ್ ಕೊಟ್ಟಾರ” ಅನ್ನುವ ಒಂದೇ ಮಾತಿನೊಳಗೆ ಮೂರು ನಾಲ್ಕು ಬೇರೆ ಬೇರೆ ಸರಕು ಅಡಗಿವೆ. ಈಗಿನ ಸಾಮಾನ್ಯ 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವ ಚಿತ್ರ ಅಗಲಕ್ಕೆ 6,000, ಎತ್ತರಕ್ಕೆ 4,000 ಚುಕ್ಕಿ (ಪಿಕ್ಸೆಲ್). ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಚುಕ್ಕಿ ಅನ್ನುವುದು ರೂಢಿಯ ಲೆಕ್ಕ. ಅಂದರೆ 4×6ಕ್ಕೆ 1,200×1,800 ಸಾಕು. 12×18ಕ್ಕೆ 3,600×5,400 ಬೇಕು, ಅದೂ ಈ ಕ್ಯಾಮೆರಾದಲ್ಲಿ ಸಲೀಸಾಗಿ ಸಿಗುತ್ತದೆ. ಇದೇ ಫೋಟೋ ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದಾಗ ಉದ್ದದ ಬದಿ 1,600 ಚುಕ್ಕಿಯ ಸುತ್ತ ಇಳಿಯುತ್ತದೆ, ಮೇಲೆ ಒತ್ತಿ ಹಿಂಡಿದ ಗುರುತು ಬೇರೆ. ಅದನ್ನು 12×18 ಮಾಡಿಸಿದರೆ ಇಂಚಿಗೆ 90 ಚುಕ್ಕಿಯೂ ಸಿಗುವುದಿಲ್ಲ.

ಇದು ಕಣ್ಣಿಗೆ ಬೀಳುವುದು ಎಲ್ಲಿ ಅಂದರೆ, ಹಾವೇರಿ ಕಡೆಯ ಸನ್ಮಾನದ ಫೋಟೋಗಳಲ್ಲಿ. ಅಲ್ಲಿ ಸನ್ಮಾನ ಅಂದರೆ ಏಲಕ್ಕಿ ಹಾರ. ಮೂಲ ಫೈಲಿನಿಂದ ತೆಗೆದ ದೊಡ್ಡ ಪ್ರಿಂಟಿನಲ್ಲಿ ಒಂದೊಂದು ಏಲಕ್ಕಿಯ ಮೇಲಿನ ಗೆರೆ, ನಡುವೆ ಸುತ್ತಿದ ರೇಷ್ಮೆ ದಾರ, ಜರಿಯ ಹೊಳಪು ಬಿಡಿಬಿಡಿಯಾಗಿ ಕಾಣುತ್ತದೆ. ವಾಟ್ಸಾಪಿನಲ್ಲಿ ಬಂದದ್ದನ್ನು ದೊಡ್ಡದು ಮಾಡಿಸಿದರೆ ಹಾರದ ಜಾಗದಲ್ಲಿ ಹಸಿರು ಮಿಶ್ರಿತ ಕಲಸು. ಮೊಬೈಲಿನಲ್ಲಿ ನೋಡಿದಾಗ ಎರಡೂ ಒಂದೇ ಥರ ಕಂಡಿದ್ದವು, ಅದೇ ಮೋಸ. 2023ರ ಆಗಸ್ಟಿನಿಂದ ವಾಟ್ಸಾಪಿನಲ್ಲಿ ಎಚ್‌ಡಿ ಅಂತ ಒಂದು ಆಯ್ಕೆ ಬಂದಿದೆ. ಮಾಮೂಲಿಗಿಂತ ವಾಸಿ, ಆದರೆ ಮೂಲ ಫೈಲಲ್ಲ. ಮೂಲವೇ ಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಬೇಕು, ಇಲ್ಲವೇ ಡ್ರೈವ್ ಲಿಂಕ್, ಪೆನ್‌ಡ್ರೈವ್.

ಆದ್ದರಿಂದ ಫೋಟೋದವರಿಗೆ ಮಾರಲು ಎರಡು ದರ್ಜೆ ಇವೆ. ಸ್ಟೇಟಸ್ಸಿಗೆ, ಇನ್‌ಸ್ಟಾಗ್ರಾಮಿಗೆ ಸಾಕಾಗುವ ಸಣ್ಣ ಫೈಲು ಒಂದು. ಪ್ರಿಂಟಿಗೆ ಬರುವ ದೊಡ್ಡ ಫೈಲು ಇನ್ನೊಂದು. ಸಣ್ಣದನ್ನು ಸೋವಿಯಾಗಿ, ಬೇಕಾದರೆ ಸ್ಟುಡಿಯೋದ ಹೆಸರು ಮೂಲೆಯಲ್ಲಿ ಹಾಕಿ ಪುಕ್ಕಟೆಯಾಗಿಯೂ ಕೊಡಬಹುದು, ಅದು ಜಾಹೀರಾತು. ದೊಡ್ಡದು ಹಳೆಯ ನೆಗೆಟಿವ್ ಇದ್ದಂತೆ, ಬೆಲೆಯೂ ಅದಕ್ಕೆ ತಕ್ಕಂತೆ. ಆದರೆ ಯಾವುದನ್ನು ಕೊಡುತ್ತಿದ್ದೇವೆ ಅಂತ ಬಾಯಿಬಿಟ್ಟು ಹೇಳಬೇಕು. ಸಣ್ಣ ಫೈಲು ಕೊಟ್ಟು ಸುಮ್ಮನಿದ್ದು, ಆರು ತಿಂಗಳ ಮೇಲೆ ಗಿರಾಕಿ ಫ್ರೇಮ್ ಹಾಕಿಸಲು ಹೋದಾಗ “ಅದರಾಗ ಬರಂಗಿಲ್ರಿ” ಅನ್ನುವುದು ಒಳ್ಳೆಯ ರೀತಿಯಲ್ಲ.

ಫೈಲು ಕೊಂಡು ಹೊರಗೆ ಪ್ರಿಂಟ್ ಮಾಡಿಸುವವರಿಗೆ ಎದುರಾಗುವ ಇನ್ನೊಂದು ಫಜೀತಿ ಅಳತೆಯದ್ದು. ಇಂಥ ಕ್ಯಾಮೆರಾದ ಚೌಕಟ್ಟು ಮೂರಕ್ಕೆ ಎರಡು. 4×6, 8×12, 12×18 ಅದಕ್ಕೆ ಸರಿಯಾಗಿ ಕೂರುತ್ತವೆ. 8×10 ಫ್ರೇಮ್ ತಂದಿಟ್ಟುಕೊಂಡು ಅದಕ್ಕೆ ಪ್ರಿಂಟ್ ಮಾಡಿಸಿದರೆ ಉದ್ದದಲ್ಲಿ ಎರಡು ಇಂಚು ಹೋಗಲೇಬೇಕು. ಗ್ರೂಪ್ ಫೋಟೋದಲ್ಲಿ ಆ ಎರಡು ಇಂಚಿನಲ್ಲಿ ನಿಂತವರು ಯಾರು ಅಂದರೆ, ಸಾಮಾನ್ಯವಾಗಿ ಮೊದಲೇ ಸಿಟ್ಟಾಗಿ ಅಂಚಿಗೆ ನಿಂತ ಬೀಗರು. ಆಲ್ಬಮ್ಮಿನ 12×36 ಹಾಳೆಯ ತುಂಬ ಒಂದೇ ಫೋಟೋ ಹಾಕಿಸುವ ಆಸೆಯವರಿಗೂ ಇದೇ ಮಾತು. 6,000 ಚುಕ್ಕಿಯನ್ನು 36 ಇಂಚಿಗೆ ಹರಡಿದರೆ ಇಂಚಿಗೆ 167 ಅಷ್ಟೇ. ತೋಳಿನಷ್ಟು ದೂರದಿಂದ ನೋಡಲು ನಡೆಯುತ್ತದೆ. ಆದರೆ ಮೇಲೆ ಕೆಳಗೆ ಅರ್ಧ ಚಿತ್ರ ಕತ್ತರಿಸಬೇಕು, ನಟ್ಟನಡುವೆ ಮಡಿಕೆ ಬರುತ್ತದೆ, ವಧೂವರರು ಅಲ್ಲಿದ್ದರೆ ಇಬ್ಬರ ನಡುವೆ ಗೆರೆ ಎಳೆದಂತೆ. ಡಿಸೈನ್ ಮಾಡುವವರು ಜೋಡಿಯನ್ನು ಒಂದು ಪಕ್ಕಕ್ಕೆ ಸರಿಸುವುದು ಇದಕ್ಕೇ. ಇನ್ನು ಮೊಬೈಲ್ ಪರದೆಗೆ ತನ್ನದೇ ಬೆಳಕಿದೆ, ಕಾಗದಕ್ಕೆ ಇಲ್ಲ. ಪರದೆಯಲ್ಲಿ ಸರಿಯಾಗಿ ಕಂಡದ್ದು ಕಾಗದದ ಮೇಲೆ ಒಂದು ಮಟ್ಟ ಕಪ್ಪಾಗಿ ಬರುತ್ತದೆ. ಸ್ಟುಡಿಯೋದವರು ಲ್ಯಾಬಿಗೆ ಕಳಿಸುವಾಗ ಇದನ್ನು ಹೊಂದಿಸಿ ಕಳಿಸುತ್ತಾರೆ. ಸೀದಾ ಫೈಲು ಒಯ್ದವರಿಗೆ ಆ ಸೇವೆ ಇಲ್ಲ.

ಹಕ್ಕು ಯಾರದು?

ಇಲ್ಲಿ ಎರಡೂ ಕಡೆ ತಪ್ಪು ತಿಳಿವಳಿಕೆ ಇದೆ. ‘ನಾ ತಗದ ಫೋಟೋ, ನಂದ’ ಅಂತ ಫೋಟೋದವರು, ‘ನಾ ದುಡ್ಡ ಕೊಟ್ಟೇನಿ, ನಂದ’ ಅಂತ ಮನೆಯವರು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋದ ಕರ್ತೃ ಅದನ್ನು ತೆಗೆದವರು. ಆದರೆ ಕರ್ತೃವೇ ಯಾವಾಗಲೂ ಮಾಲೀಕರಲ್ಲ. 17ನೇ ಕಲಮು ಹೇಳುವುದು ಏನೆಂದರೆ, ಒಬ್ಬರು ಹಣ ಕೊಟ್ಟು ತಮ್ಮ ಕೋರಿಕೆಯ ಮೇಲೆ ಫೋಟೋ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದ ಪಕ್ಷದಲ್ಲಿ, ಹಕ್ಕಿನ ಮೊದಲ ಮಾಲೀಕರು ತೆಗೆಸಿದವರೇ. ಅಂದರೆ ಮಾಮೂಲಿ ಮದುವೆ ಕೆಲಸದಲ್ಲಿ, ಬಿಲ್ಲಿನಲ್ಲಿ ಏನೂ ಬರೆಯದಿದ್ದರೆ, ಹಕ್ಕು ಮನೆಯವರ ಕಡೆ. ಹಾಗಾದರೆ ನಿಮ್ಮ ಮದುವೆಯ ಫೋಟೋವನ್ನು ಸ್ಟುಡಿಯೋದವರು ಷೋಕೇಸಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಹಾಕಬೇಕಾದರೆ ನಿಮ್ಮನ್ನು ಕೇಳಬೇಕು. ಬಹಳಷ್ಟು ಕಡೆ ಕೇಳುವುದಿಲ್ಲ, ಮನೆಯವರೂ ಹೆಮ್ಮೆಯಿಂದಲೇ ನೋಡುತ್ತಾರೆ, ಅದು ಬೇರೆ ಮಾತು.

ಯಾರೂ ಹಣ ಕೊಟ್ಟು ಕರೆಸದೆ, ಮಾರಿಕೊಳ್ಳುವ ಲೆಕ್ಕದಲ್ಲಿ ತೆಗೆದ ಕಾರ್ಯಕ್ರಮದ ಫೋಟೋಗಳಲ್ಲಿ ಹಕ್ಕು ತೆಗೆದವರದ್ದೇ. ಫೈಲು ಕೊಂಡ ಪಾಲಕರು ಅದನ್ನು ಮನೆಗೆ ಬಳಸಬಹುದು. ಶಾಲೆಯವರು ಅದನ್ನೇ ಪ್ರವೇಶದ ಜಾಹೀರಾತು ಬ್ಯಾನರಿಗೆ ಹಾಕುತ್ತೇವೆ ಅಂದರೆ ಬೇರೆ ಮಾತುಕತೆ ಆಗಬೇಕು, ಮಗುವಿನ ಮನೆಯವರನ್ನೂ ಕೇಳಬೇಕು. ಸ್ಟುಡಿಯೋದಲ್ಲಿ ಸಂಬಳಕ್ಕಿರುವ ಹುಡುಗ ತೆಗೆದದ್ದು ಸಾಮಾನ್ಯವಾಗಿ ಸ್ಟುಡಿಯೋದ ಲೆಕ್ಕಕ್ಕೆ ಬರುತ್ತದೆ. ಹಕ್ಕು ಒಬ್ಬರಿಂದ ಒಬ್ಬರಿಗೆ ವರ್ಗವಾಗಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು, ಬಾಯಿಮಾತು ನಿಲ್ಲುವುದಿಲ್ಲ. ಮೊದಲು ಫೋಟೋಗಳ ಹಕ್ಕಿಗೆ ಪ್ರಕಟವಾದ ಮೇಲೆ 60 ವರ್ಷದ ಅವಧಿ ಇತ್ತು. 2012ರ ತಿದ್ದುಪಡಿಯ ನಂತರ ಉಳಿದ ಕೃತಿಗಳಂತೆ ಕರ್ತೃವಿನ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ.

ಹಕ್ಕು ಯಾರದು ಅನ್ನುವುದು ಬೇರೆ, ಫೈಲು ಯಾರ ಕೈಗೆ, ಯಾವ ಗಾತ್ರದಲ್ಲಿ, ಯಾವಾಗ ಅನ್ನುವುದು ಬೇರೆ. ಎರಡನೆಯದನ್ನು ತೀರ್ಮಾನಿಸುವುದು ನಿಮ್ಮ ನಿಮ್ಮ ಮಾತು. ಆದ್ದರಿಂದ ಅಡ್ವಾನ್ಸ್ ರಸೀದಿಯ ಹಿಂದೆಯೇ ಬರೆದಿಡಿ: ಎಷ್ಟು ತಿದ್ದಿದ ಫೋಟೋ, ಯಾವ ಗಾತ್ರ, ಆಲ್ಬಮ್ಮಿನ ಹಾಳೆ ಎಷ್ಟು, ಹೆಚ್ಚಿನ ಹಾಳೆಗೆ ಏನು ದರ, ಮೊತ್ತದಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ. ವರ್ಷಕ್ಕೆ 20 ಲಕ್ಷದ ವಹಿವಾಟು ದಾಟಿ ನೋಂದಣಿ ಮಾಡಿಸಿಕೊಂಡ ಸ್ಟುಡಿಯೋ ಆದರೆ ಫೋಟೋಗ್ರಫಿ ಸೇವೆಗೆ 18% ಬೀಳುತ್ತದೆ, ಅದು ಕೊನೆಗೆ ಗೊತ್ತಾದರೆ ಜಗಳ.

ಸೆಲೆಕ್ಷನ್ ಅನ್ನುವ ಕಗ್ಗಂಟು

ಫೋಟೋದವರ ಬಾಕಿ ಹಣ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಕೇಳಿ, ಸೆಲೆಕ್ಷನ್ ಅಂತಾರೆ. ಆಲ್ಬಮ್ ಮಾಡಬೇಕಾದರೆ ಮನೆಯವರು ಫೋಟೋ ಆರಿಸಿ ಕೊಡಬೇಕು. ಮದುವೆಯಾದ ವಾರ ಎಲ್ಲರಿಗೂ ಉತ್ಸಾಹ. ಆಮೇಲೆ ಹುಡುಗಿ ಬೆಂಗಳೂರಿಗೆ, ಹುಡುಗ ಡ್ಯೂಟಿಗೆ, ಅತ್ತೆಯವರು ಆರಿಸಿದ್ದು ಸೊಸೆಗೆ ಒಪ್ಪಿಗೆಯಿಲ್ಲ, ತವರಿನವರ ಫೋಟೋ ಕಡಿಮೆ ಬಂತು ಅಂತ ಒಂದು ಸುತ್ತು. ನಾಗರಪಂಚಮಿ ಹೋಗಿ ದೀಪಾವಳಿ ಬರುತ್ತದೆ. ಕೊನೆಯ ಕಂತು ‘ಆಲ್ಬಮ್ ಕೊಟ್ಟಮ್ಯಾಗ’ ಅಂತ ಮಾತಾಗಿದ್ದರೆ ಸ್ಟುಡಿಯೋದವರು ಮಾಡಿ ಮುಗಿಸಿದ ಕೆಲಸಕ್ಕೆ ಕೈಕಟ್ಟಿ ಕೂರಬೇಕು. ಅದರಲ್ಲೂ ಎಲ್ಲ ಫೈಲು ಮೊದಲೇ ಕೊಟ್ಟುಬಿಟ್ಟಿದ್ದರೆ, ಮನೆಯವರಿಗೆ ಅವಸರವಾದರೂ ಯಾಕೆ?

ಇದಕ್ಕೆ ನಡೆಯುವ ಉಪಾಯ ಸರಳ. ಆರಿಸಲು ಕೊಡುವುದು ನಂಬರ್ ಹಾಕಿದ ಸಣ್ಣ ಫೈಲು. ಕೆಲಸಕ್ಕೆ ಬೀಳುವ ಮೊತ್ತವೆಲ್ಲ ದೊಡ್ಡ ಫೈಲು ಕೊಡುವ ಹೊತ್ತಿಗೆ ಚುಕ್ತಾ. ಆಲ್ಬಮ್ಮಿಗೆ ಅಂತ ತೆಗೆದಿಟ್ಟ ಭಾಗ ಮಾತ್ರ ಆಲ್ಬಮ್ ಕೊಟ್ಟಾಗ. ಸೆಲೆಕ್ಷನ್ನಿಗೆ ಗಡುವು ಇರಲಿ. ಅದು ದಾಟಿದರೆ ಸ್ಟುಡಿಯೋದವರೇ ಆರಿಸುತ್ತಾರೆ ಅಂತ ಮೊದಲೇ ಹೇಳಿದರೆ, ಮನೆಯವರು ಗಡುವಿನ ಹಿಂದಿನ ರಾತ್ರಿ ಕೂತಾದರೂ ಮುಗಿಸುತ್ತಾರೆ.

ಇಡುವುದು ಯಾರು?

ಫೈಲಿಗೆ ಖರ್ಚಿಲ್ಲ ಅನ್ನುವವರು ಇಡುವ ಖರ್ಚು ನೋಡಿರುವುದಿಲ್ಲ. ಒಂದು ರಾ ಫೈಲು (ಕ್ಯಾಮೆರಾ ತೆಗೆದದ್ದನ್ನು ತಿದ್ದದೆ ಇಟ್ಟ ಮೂಲ ಫೈಲು) ಸುಮಾರು 28 ಎಂಬಿ ಅಂತ ಹಿಡಿದರೆ 3,000 ಫೋಟೋದ ಮದುವೆಗೆ 84 ಜಿಬಿ. ವಿಡಿಯೋ ಬೇರೆ. ಗೂಗಲ್ ಖಾತೆಯಲ್ಲಿ ಪುಕ್ಕಟೆ ಸಿಗುವುದು 15 ಜಿಬಿ, ಫೋಟೋಗಳಿಗೆ ಇದ್ದ ಮಿತಿಯಿಲ್ಲದ ಪುಕ್ಕಟೆ ಜಾಗ 2021ರ ಜೂನ್ 1ಕ್ಕೆ ನಿಂತುಹೋಗಿದೆ. ಹಾಗಾಗಿ ಸ್ಟುಡಿಯೋದವರು ಕೊಟ್ಟ ಲಿಂಕು ಕೆಲ ತಿಂಗಳ ಮೇಲೆ ತೆರೆಯದಿದ್ದರೆ ಆಶ್ಚರ್ಯವಿಲ್ಲ, ಮುಂದಿನ ಮದುವೆಗೆ ಜಾಗ ಬೇಕಲ್ಲ. ಎಷ್ಟು ತಿಂಗಳು ಇಡುತ್ತಾರೆ ಅಂತ ಕೇಳಿಕೊಂಡು, ಅಷ್ಟರೊಳಗೆ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿಗೆ ಹಾಕಿ ಒಂದನ್ನು ಬೇರೆ ಮನೆಯಲ್ಲಿ ಇಡಬೇಕಾದವರು ಮನೆಯವರೇ. ಪೆನ್‌ಡ್ರೈವ್ ಸಾಗಿಸಲಿಕ್ಕೆ, ಕಾಪಿಡಲಿಕ್ಕೆ ಅಲ್ಲ. ಹಿಂದೆ ಸಿಡಿಯಲ್ಲಿ ಮದುವೆ ಫೋಟೋ ಪಡೆದವರನ್ನು ಕೇಳಿ ನೋಡಿ, ಸಿಡಿ ಕಪಾಟಿನಲ್ಲಿದೆ, ಅದನ್ನು ಹಾಕುವ ಕಿಂಡಿ ಈಗಿನ ಲ್ಯಾಪ್‌ಟಾಪಿನಲ್ಲಿ ಇಲ್ಲ.

ಕಾಗದವೂ ಅಮರವೇನಲ್ಲ. ಬಿಸಿಲು ಬೀಳುವ ಗೋಡೆಯಲ್ಲಿ ತೂಗುಹಾಕಿದ್ದು ಮಸುಕಾಗುತ್ತದೆ. ಧಾರವಾಡದ ಮಳೆಗಾಲದ ಥಂಡಿಗೆ ಪ್ಲಾಸ್ಟಿಕ್ ಜೇಬಿನ ಹಳೆ ಆಲ್ಬಮ್ಮುಗಳು ಅಂಟಿಕೊಂಡು, ಎಳೆದರೆ ಮುಖವೇ ಕಿತ್ತುಬರುತ್ತದೆ. ಗದಗಿನ ಒಣ ಹವೆಯಲ್ಲಿ ಆ ಕಾಟ ಕಡಿಮೆ. ಆದರೆ ಕಾಗದ ಹಾಳಾಗುವುದು ನಿಧಾನವಾಗಿ, ಕಣ್ಣಿಗೆ ಕಾಣುವಂತೆ. ಡಿಸ್ಕು ಕೈಕೊಡುವುದು ಒಂದೇ ದಿನ, ಪೂರ್ತಿಯಾಗಿ. ಅದಕ್ಕೆ ಆಲ್ಬಮ್ ಬೇಡವೇ ಬೇಡ ಅನ್ನುವ ಜೋಡಿಗಳಿಗೆ ನಾನು ಹೇಳುವುದು: ನಲವತ್ತು ಹಾಳೆಯ ಭಾರಿ ಆಲ್ಬಮ್ ಬಿಡಿ, ಅದನ್ನು ಎತ್ತಿ ತೋರಿಸಲು ಇಬ್ಬರು ಬೇಕು. ಹತ್ತು ಹಾಳೆಯ ಚಿಕ್ಕದೊಂದು ಮಾಡಿಸಿ, ದೊಡ್ಡ ಫೈಲು ಪೂರ್ತಿ ತೆಗೆದುಕೊಳ್ಳಿ. ಸ್ಟುಡಿಯೋದವರೂ ಇಂಥ ಪ್ಯಾಕೇಜನ್ನು ದರಪಟ್ಟಿಯಲ್ಲಿ ಇಟ್ಟರೆ ‘ಅರ್ಧಾ ಮಾಡ್ರಿ’ ಅನ್ನುವ ಮಾತೇ ಕಡಿಮೆಯಾಗುತ್ತದೆ, ಯಾಕೆಂದರೆ ಆಗ ಯಾವುದು ಕಾಗದದ ಹಣ, ಯಾವುದು ಫೈಲಿನ ಹಣ ಅಂತ ಎರಡು ಸಾಲಿನಲ್ಲಿ ಕಾಣುತ್ತದೆ.

ಇತ್ತೀಚೆಗೆ “ರಾ ಫೈಲನೂ ಕೊಡ್ರಿ” ಅನ್ನುವವರು ಬಂದಿದ್ದಾರೆ. ರಾ ಅಂದರೆ ಕ್ಯಾಮೆರಾದ ಸೆನ್ಸರ್ ಕಂಡದ್ದನ್ನು ಬೇಯಿಸದೆ ಇಟ್ಟ ಮಾಹಿತಿ. ಬಣ್ಣ ಸಪ್ಪೆ, ಬೇರೆ ಸಾಫ್ಟ್‌ವೇರ್ ಬೇಕು, ಹೆಚ್ಚಿನ ಮೊಬೈಲಿನಲ್ಲಿ ನೆಟ್ಟಗೆ ತೆರೆಯುವುದೂ ಇಲ್ಲ, ಲ್ಯಾಬಿನವರು ಅದರಿಂದ ಪ್ರಿಂಟು ಹಾಕುವುದೂ ಇಲ್ಲ. ಕೇಳುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಬೇಕಾಗಿರುವುದು ದೊಡ್ಡ ಗಾತ್ರದ ಜೆಪೆಗ್, ಅಂದರೆ ಮೊಬೈಲಿನಲ್ಲಿ ತೆರೆಯುವ ಮಾಮೂಲಿ ಫೋಟೋ ಫೈಲು, ಅದನ್ನೇ ರಾ ಅಂದುಕೊಂಡಿರುತ್ತಾರೆ. ಹತ್ತನೆಯವರ ಮನೆಯಲ್ಲಿ ಯಾರೋ ಸ್ವತಃ ಎಡಿಟಿಂಗ್ ಬಲ್ಲವರು ಇರುತ್ತಾರೆ. ಅವರಿಗೆ ಕೊಡಬಹುದು, ಬೇರೆ ದರಕ್ಕೆ, ಅವರೇ ತಂದ ಹಾರ್ಡ್ ಡಿಸ್ಕಿಗೆ, ಅವರು ತಿದ್ದಿದ ಫೋಟೋದ ಮೇಲೆ ಸ್ಟುಡಿಯೋದ ಹೆಸರು ಹಾಕಬಾರದು ಅನ್ನುವ ಒಂದು ಸಾಲು ಬರೆಸಿಕೊಂಡು.